ನಡುವಿನವನಿಗೆ ಆರೇ ಚೆರ್ರಿ

ಕೇಕಿನ ಮೇಲೆ ಎರಡು ಚೆರ್ರಿ ಹೆಚ್ಚಾಗಿದ್ದವು. ಟ್ಯೂಷನ್ ಮೇಷ್ಟರ ತಲೆ ಕೆಟ್ಟದ್ದು ಅಲ್ಲಿಂದಲೇ.

ಸಂಜೆ ಮೇಷ್ಟರು ಮೆಚ್ಚಿದ ಹುಡುಗಿಯ ಅಪ್ಪನ ಹುಟ್ಟುಹಬ್ಬ. ಅಪ್ಪ ರಸಾಯನಶಾಸ್ತ್ರದ ನಿವೃತ್ತ ಪ್ರೊಫೆಸರು. ಅದನ್ನೇ ಪಾಠ ಹೇಳುವ ಈ ಮೇಷ್ಟರಿಗೆ ಮಗಳನ್ನು ಕೊಡುವ ವಿಷಯದಲ್ಲಿ ಅವರ ಮನಸ್ಸಿನ್ನೂ ಅರ್ಧ ಬೆಂದ ಬ್ರೆಡ್ಡು. ಒಲಿಸಿಕೊಳ್ಳಲೆಂದು ಮೇಷ್ಟರು ಕೇಕಿನ ಮೇಲೆ ಅಣುವನ್ನೇ ಬರೆಸಿದ್ದರು: ನಡುವೆ ಬೋರಾನ್, ಸುತ್ತ ಮೂರು ಫ್ಲೋರಿನ್, ಹೊರಸುತ್ತಿನ ಎಲೆಕ್ಟ್ರಾನಿಗೊಂದು ಚೆರ್ರಿ.

“ಸುತ್ತಲಿನ ಮೂವರಿಗೂ ಎಂಟೆಂಟು, ನಡುವಿನವನಿಗೆ ಆರಾ? ಇದೇನು ಪಂಕ್ತಿಭೇದ ಮೇಷ್ಟ್ರೇ! ನಾನೇ ಎರಡು ಹಾಕಿದೆ,” ಎಂದರು ಬೇಕರಿಯಮ್ಮ.

“ಅಮ್ಮಾ, ಹೊರಸುತ್ತಲ್ಲಿ ಎಂಟು ಎಲೆಕ್ಟ್ರಾನ್ ಇರಬೇಕು ಅನ್ನೋ ನಿಯಮ ಎಲ್ಲರಿಗೂ ಅಲ್ಲ. ತೀರಾ ಹಗುರದವರ ಲೆಕ್ಕವೇ ಬೇರೆ. ಹೈಡ್ರೋಜನ್, ಹೀಲಿಯಂ ಮನೇಲಿ ಇರೋದೇ ಎರಡು ಜಾಗ, ಎರಡಕ್ಕೇ ಹೊಟ್ಟೆ ತುಂಬುತ್ತೆ. ಲಿಥಿಯಂ ಹೊರಗಿನ ಒಂದನ್ನ ದಾನ ಮಾಡಿ ಒಳಗಿನ ಎರಡರಲ್ಲೇ ಹಾಯಾಗಿರುತ್ತೆ. ಬೆರಿಲಿಯಂ ನಾಲ್ಕರಲ್ಲೇ ಸಂಸಾರ ತೂಗಿಸುತ್ತೆ. ಬೋರಾನ್ ಹತ್ರ ಹಂಚಿಕೊಳ್ಳೋಕೆ ಇರೋದು ಮೂರೇ. ಮೂವರು ಗೆಳೆಯರು ಒಂದೊಂದು ಸೇರಿಸಿದ್ರೆ ಎಷ್ಟಾಯ್ತು?”

“ಆರು.”

“ಆಮೇಲೆ?”

“ಆಮೇಲೇನು, ಪಾಪ, ಇನ್ನೆರಡು ಯಾರಾದ್ರೂ ಕೊಡಬೇಕು!”

ಮೇಷ್ಟರು ಹಲ್ಲು ಕಡಿಯುತ್ತ ಎರಡನ್ನೂ ಕಿತ್ತು, ಹಳ್ಳಕ್ಕೆ ಕೆನೆ ಮೆತ್ತಿಸಿಕೊಂಡು ಮನೆಗೆ ಓಡಿದರು. ಅಂಗಿ ಬದಲಿಸಿ ಬರುವಷ್ಟರಲ್ಲಿ ಮನೆ ಮಾಲೀಕರು ಡಬ್ಬಿ ತೆರೆದುಕೊಂಡು ಕೂತಿದ್ದರು. ಒಂದು ಫ್ಲೋರಿನ್ ಬಡಕಲಾಗಿತ್ತು, ಬೋರಾನ್ ಕೊಬ್ಬಿತ್ತು.

“ಇದ್ದವರಿಂದ ತೆಗೆದು ಇಲ್ಲದವರಿಗೆ ಕೊಟ್ಟೆ ಕಣಯ್ಯಾ. ನ್ಯಾಯ ಅಂದ್ರೆ ಇದು.”

“ಬಾಡಿಗೆ ಕೇಳುವಾಗಲೂ ಈ ನ್ಯಾಯ ಇರಲಿ ಸಾರ್!”

ಮತ್ತೆ ಕಿತ್ತು, ಮತ್ತೆ ನೆಟ್ಟು, ಮತ್ತೆ ಮೆತ್ತಿ, ಕೇಕು ಗಾರೆ ಕಿತ್ತ ಗೋಡೆಯಂತಾಯಿತು. ಆದರೂ ಆರು ಆರಾಗಿಯೇ ಉಳಿಯಿತು. ಆಟೋದಲ್ಲಿ ಡಬ್ಬಿಯನ್ನು ಹಸುಗೂಸಿನಂತೆ ಅಪ್ಪಿಕೊಂಡು ಹೊರಟರು.

ಹುಡುಗಿ ಬಾಗಿಲಲ್ಲೇ ಡಬ್ಬಿ ಇಸಿದುಕೊಂಡಳು. ಮೇಷ್ಟರು ಕೈಗಂಟಿದ ಕೆನೆ ತೊಳೆದು ಬಂದಾಗ ಅವರ ಕಿವಿಯ ಹತ್ತಿರ ಪಿಸುಗುಟ್ಟಿದಳು: “ನಡುವೆ ಎರಡು ಮರೆತಿದ್ರಿ. ಅಪ್ಪ ನೋಡೋ ಮೊದಲೇ ಮನೇಲಿದ್ದ ಚೆರ್ರಿ ಹಾಕಿಬಿಟ್ಟೆ. ಬಚಾವಾದ್ರಿ!”

ಮೇಷ್ಟರು ಬಾಯಿ ತೆರೆದರು. ಅಷ್ಟರಲ್ಲಿ ಪ್ರೊಫೆಸರು ಕನ್ನಡಕ ಏರಿಸಿ ಮೇಜಿನ ಮೇಲೆ ಬಗ್ಗಿಯಾಗಿತ್ತು.

“ಬೋರಾನಿಗೆ ಎಂಟು! ಯಾರ ಕೆಲಸ ಇದು?”

ಹುಡುಗಿಯ ಮುಖ ಸುಣ್ಣವಾಯಿತು. ಮೇಷ್ಟರು ಮುಂದೆ ಬಂದರು. “ನನ್ನದೇ ಸಾರ್. ಎಂಟು ಅಂತಲೇ ತಿಳಿದಿದ್ದೆ.”

ಪ್ರೊಫೆಸರು ನಿಧಾನವಾಗಿ ನೆಟ್ಟಗಾದರು. “ಹಾಕಿದ್ದು ನನ್ನ ಮಗಳು. ಕಿಟಕಿಯಿಂದ ನೋಡ್ತಾನೇ ಇದ್ದೆ. ಅವಳಿಗೆ ಕೆಮಿಸ್ಟ್ರಿ ಬರಲ್ಲ ಅನ್ನೋದು ಈ ಮನೇಲಿ ಹಳೇ ಸುದ್ದಿ. ಆದ್ರೆ ನನ್ನೆದುರೇ ನಿಂತು ಸುಳ್ಳು ಹೇಳೋ ಅಳಿಯ ನನಗೆ ಬೇಡ ಕಣಯ್ಯಾ.”

ಇವಳಾದರೂ ಇದ್ದಾಳಲ್ಲ ಎಂದು ಮೇಷ್ಟರು ಹುಡುಗಿಯ ಕಡೆ ತಿರುಗಿದರು. ಅವಳ ಕಣ್ಣು ಕೆಂಡವಾಗಿತ್ತು.

“ಅಪ್ಪನ ಮುಂದೆ ನನ್ನ ದಡ್ಡಿ ಮಾಡೋಕೇ ಆರು ಹಾಕಿಸಿಕೊಂಡು ಬಂದ್ರಾ?”