ಐದನೇ ಡಬ್ಬಿಯ ತಂಡ

ಕಳೆದ ಏಪ್ರಿಲ್‌ನ ಕೊನೆಯ ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ ನನ್ನ ಕಾಕಾ ಕೆನಡಾದ ಪೋರ್ಟ್ ಕ್ರೆಡಿಟ್‌ನ ತಮ್ಮ ಅಡುಗೆಮನೆಯಿಂದ ಪೋರ್ಚುಗಲ್ಲಿನ ಒಂದು ಗುಡ್ಡದೂರಿನ ಕೆಫೆಗೆ ಫೋನ್ ಮಾಡಿದರು. ಆ ಊರಿನ ಫುಟ್‌ಬಾಲ್ ತಂಡ ನಾಲ್ಕನೇ ದರ್ಜೆಯಲ್ಲಿ ಉಳಿಯಿತೋ, ಜಿಲ್ಲಾ ಲೀಗಿಗೆ ಬಿತ್ತೋ ಎಂದು ಅವರಿಗೆ ತಿಳಿಯಬೇಕಿತ್ತು. ಡ್ರಾ ಆದರೆ ಸಾಕು. ಸೋತರೆ ಕೆಳಗೆ.

ಹುಬ್ಬಳ್ಳಿಯಲ್ಲಿ ಹುಟ್ಟಿದವರಿಗೆ ಇದರಿಂದ ಏನಾಗಬೇಕು? ನಾನೂ ಕೇಳಿದ್ದೇನೆ. ಸುದ್ದಿಮನೆಯಲ್ಲಿ ಮೂವತ್ತು ವರ್ಷ ಕಳೆದವನು ನಾನು. ಎರಡು ಮೂಲಗಳಿಲ್ಲದೆ ಏನನ್ನೂ ಬರೆಯುವುದಿಲ್ಲ. ಇಲ್ಲಿ ಮೊದಲ ಮೂಲ ಕಾಕಾ, ಎರಡನೆಯದು ಕಾಕು. ಇಬ್ಬರ ಹೇಳಿಕೆಗಳು ಮದುವೆಯಾದಂದಿನಿಂದ ತಾಳೆಯಾಗಿಲ್ಲ. ಈ ವಿಷಯದಲ್ಲಿ ಮಾತ್ರ ಆಗುತ್ತವೆ.

ಕಾಕಾ ಇಲ್ಲಿನ ಒಂದು ಕಾರ್ಖಾನೆಯಲ್ಲಿ ಲೇಥ್ ಯಂತ್ರ ನಡೆಸುತ್ತಿದ್ದರು. ಪಕ್ಕದ ಯಂತ್ರ ಆ ಗುಡ್ಡದೂರಿನಿಂದ ಬಂದ ಮನುವೆಲ್‌ನದು. ಕಾಕಾನ ಬಾಯಲ್ಲಿ ಅವನು ಮೊದಲ ವಾರವೇ ‘ಮನ್ಯಾ’ ಆದ. ಹರೆಯದಲ್ಲಿ ತನ್ನೂರಿನ ತಂಡಕ್ಕೆ ಆಡಿದವನು. ಒಂದು ದಿನ ಊಟದ ಬಿಡುವಿನಲ್ಲಿ ಅವನು ಕಾಕಾನ ನಾಲ್ಕು ಅಂತಸ್ತಿನ ಬುತ್ತಿ ಡಬ್ಬಿಯನ್ನೇ ಹಿಡಿದು ತನ್ನ ದೇಶದ ಲೀಗುಗಳನ್ನು ವಿವರಿಸಿದನಂತೆ. ಎಲ್ಲಕ್ಕಿಂತ ಮೇಲಿನ ಶೇಂಗಾ ಚಟ್ನಿಯ ಡಬ್ಬಿ ಮೊದಲ ಲೀಗ್. ಟಿವಿಯಲ್ಲಿ ಬರುವವರು ಅವರೇ. ಅದರ ಕೆಳಗೆ ಎರಡನೆಯದು, ಮೂರನೆಯದು. ತಳದಲ್ಲಿ ಕಡಕ್ ರೊಟ್ಟಿ ಮುರಿದು ತುಂಬಿದ್ದು ನಾಲ್ಕನೇ ದರ್ಜೆ, ದೇಶದ ಮೂಲೆಮೂಲೆಯ ತಂಡಗಳು. ಪ್ರತಿ ವರ್ಷ ಗೆದ್ದವರು ಮೇಲಿನ ಡಬ್ಬಿಗೆ, ಸೋತವರು ಕೆಳಗಿನದಕ್ಕೆ.

“ಮತ್ತ ನಿನ್ನ ಟೀಮು ಯಾವ ಡಬ್ಬ್ಯಾಗ ಐತಿ?” ಎಂದು ಕಾಕಾ ಕೇಳಿದರಂತೆ.

ಮನ್ಯಾ ಬೆಂಚಿನ ಮೇಲೆ ಬಿದ್ದಿದ್ದ ರೊಟ್ಟಿಯ ಚೂರು ತೋರಿಸಿದ. ಅದು ಜಿಲ್ಲಾ ಲೀಗ್!

ಆ ಚೂರು ತಳದ ಡಬ್ಬಿ ಸೇರಬಹುದು, ಡಬ್ಬಿಯಿಂದ ಡಬ್ಬಿಗೆ ಏರಿ ಚಟ್ನಿಯವರೆಗೂ ಹೋಗಬಹುದು, ತಡೆಯುವ ಕಾನೂನಿಲ್ಲ. ಈ ಮಾತು ಹೇಳುವಾಗ ಕಾಕಾ ಇಂದಿಗೂ ಗುಡಿಯೊಳಗೆ ನಿಂತವರಂತೆ ದನಿ ತಗ್ಗಿಸುತ್ತಾರೆ. ಕೆನಡಾದ ಹಾಕಿಯ ಬಗ್ಗೆ ಅವರದು ಒಂದೇ ಸಾಲಿನ ತೀರ್ಪು: “ಇಲ್ಲೆ ಕಡೀಕ ಬಂದವಗೂ ಮುಂದಿನ ವರ್ಷ ಅದೇ ಕುರ್ಚಿ.”

ಮನ್ಯಾನ ಕಿವಿ ಮಂದವಾದ ಮೇಲೆ ಭಾನುವಾರ ಅವನೂರಿನ ಕೆಫೆಗೆ ಫೋನ್ ಮಾಡಿ ಸ್ಕೋರ್ ಕೇಳುವ ಕೆಲಸ ಕಾಕಾಗೆ ಬಂತು. ಅದಕ್ಕೆ ಬೇಕಾದಷ್ಟು ಪೋರ್ಚುಗೀಸ್ ಕಲಿತರು. ಮೂರು ವರ್ಷದ ಹಿಂದೆ ಮನ್ಯಾ ತೀರಿಕೊಂಡ. ಮರುವರ್ಷವೇ ಅವನ ತಂಡ ಜಿಲ್ಲೆ ಗೆದ್ದು, ಮೊದಲ ಬಾರಿಗೆ ನಾಲ್ಕನೇ ದರ್ಜೆಗೆ ಏರಿತು. ಕಾಕಾ ಕಪಾಟಿನಿಂದ ಹಳೆಯ ಡಬ್ಬಿ ತೆಗೆದು, ತಳದ ಅಂತಸ್ತಿನಲ್ಲಿ ಒಂದು ರೊಟ್ಟಿ ಚೂರು ಇಟ್ಟರು. ಅಂದಿನಿಂದ ಕಾಕು ಆ ಡಬ್ಬಿ ತೊಳೆಯುವಂತಿಲ್ಲ.

“ಇರುವಿ ಬಂದಾವ್ರೀ.”

“ಬರ್ಲಿ ಬಿಡು. ಅವೂ ಸಪೋರ್ಟರ್ಸ್.”

ಆಮೇಲೆ ನನ್ನ ಕಡೆ ತಿರುಗಿ, “ಮನ್ಯಾಗಂತೂ ನೋಡಾಕ ಆಗಲಿಲ್ಲ. ನಾ ಇರೂತನಾ ಇದು ಕೆಳಗ ಬೀಳಬಾರ್ದು ತಮ್ಮಾ,” ಎಂದರು.

ಸ್ಕೋರ್ ತೋರಿಸುವ ಆಪ್ ಒಂದನ್ನು ಅವರ ಫೋನಿಗೆ ಹಾಕಿಕೊಟ್ಟೆ. “ಊಟ ಆತೇನು ಅಂತ ಇದನ್ನ ಹೆಂಗ ಕೇಳ್ಲಿ?” ಎಂದು ಫೋನನ್ನು ನನ್ನ ಕೈಗೇ ಇಟ್ಟರು. ಊಟ ಕೇಳದೆ ಸ್ಕೋರ್ ಕೇಳುವುದುಂಟೆ? ಕೆಫೆಯೊಡತಿಗೆ ಪ್ರತಿ ಭಾನುವಾರ ಅವರ ಮೊದಲ ಪ್ರಶ್ನೆ ಅದೇ. ಇಲ್ಲಿ ಮಧ್ಯಾಹ್ನ ಹನ್ನೆರಡಾದಾಗ ಅಲ್ಲಿ ಸಂಜೆ ಐದು.

ಏಪ್ರಿಲ್‌ನ ಆ ಭಾನುವಾರವೂ ಕಾಕಾ ಮೊದಲು ಊಟ ಕೇಳಿದರು, ಆಮೇಲೆ ಸ್ಕೋರ್. ಎರಡು–ಒಂದು, ಸೋಲು. ಎದುರಾಳಿಯ ಎರಡನೇ ಗೋಲು ಬಿದ್ದದ್ದು ಹೆಚ್ಚುವರಿ ನಿಮಿಷಗಳಲ್ಲಿ. ಕಾಕಾ ಡಬ್ಬಿ ಬಿಚ್ಚಿ, ಚೂರನ್ನು ತೆಗೆದು ಟೇಬಲ್ ಮೇಲಿಟ್ಟರು.

ಫೋನ್ ಇನ್ನೂ ಕಿವಿಯಲ್ಲಿತ್ತು. ಕೆಫೆಯೊಡತಿ ಏನೋ ಹೇಳುತ್ತಲೇ ಇದ್ದಳು. ಕಾಕಾ ಬಹಳ ಹೊತ್ತು ಕೇಳಿಸಿಕೊಂಡರು.

“ಏನಂತಾಳ್ರೀ?” ಎಂದರು ಕಾಕು.

“ಇನ್ನ ಮುಂದನೂ ಫೋನ್ ಮಾಡ್ತೀಯಿಲ್ಲೋ ಅಂತ ಕೇಳಾಕತ್ತಾಳ. ಅವರ ಕಡೆ ಹಿಂಗ ಯಾರೂ ಊಟ ಕೇಳೂದಿಲ್ಲಂತ. ಸಂಜೀ ಐದಕ್ಕ ಊಟದ ಸುದ್ದಿ ಕೇಳಾಂವ ಹಸದಾಂವನೇ ಇರಬೇಕು, ಒಂದಿನ ಬಂದಾನು ಅಂತ ತಿಳ್ಕೊಂಡಾಳ. ವಾರಾ ವಾರಾ ನನಗ ಒಂದ ತಾಟು ತಗದು ಇಡ್ತಾಳಂತ.”

“ಯಾವಾಗಿಂದ?”

“ಮನ್ಯಾ ಇದ್ದಾಗಿಂದ.”

ಜಿಲ್ಲಾ ಲೀಗಿನ ಪಂದ್ಯಗಳು ಸೆಪ್ಟೆಂಬರಿನಲ್ಲಿ ಶುರುವಾಗುತ್ತವೆ. ತಂಡ ತನ್ನೂರಿನಲ್ಲಿ ಆಡುವ ಮೊದಲ ಪಂದ್ಯಕ್ಕೆ ಕಾಕಾ ವಿಮಾನದ ಟಿಕೆಟ್ ತೆಗೆಸಿದ್ದಾರೆ. ಮೊಣಕಾಲು ನೋವಿನಿಂದಾಗಿ ಕಾಕು ಹೋಗುತ್ತಿಲ್ಲ. ಮೊನ್ನೆ ಭಾನುವಾರ ಕಾಕಾ ಕೆಫೆಗೆ ಫೋನ್ ಮಾಡಿ, ಎರಡು ತಾಟು ಇಡಲು ಹೇಳಿದರು.