ಹಿರೇಗೋಣಿಯ ಹುಳಿಹಿಟ್ಟಿನ ಮಹಾಸಮರ

ಹಿಟ್ಟು ಉಬ್ಬುವ ತನಕ ಕಾಯುವ ತಾಳ್ಮೆಯುಳ್ಳ ಮಹಾಜನರೇ, ಆಲಿಸಿರಿ. ಜೋಳದ ರಾಶಿ ಕಣದಿಂದ ಮನೆ ಸೇರಿ ಬಿಸಿಲು ಬಲಿಯುತ್ತಿದ್ದ ಪುಣ್ಯಕಾಲದಲ್ಲಿ, ಪಾದ್ರಿಗಳಾಗುವವರು ಹೀಬ್ರೂ ಕಲಿಯುವ ಹಿರೇಗೋಣಿಯ ಹೆಂಚಿನ ಶಾಲೆಯಲ್ಲಿ, ಧಾತುಗಹನಾರಣ್ಯಸಂಚಾರಿಯೂ ಪ್ರತ್ಯಯಗಜಘಟಾಸಿಂಹನೂ ಹನ್ನೊಂದು ವರ್ಷಗಳಿಂದ ಹೀಬ್ರೂ-ಕನ್ನಡ ನಿಘಂಟಿನ ಭಾರವಾಹಿಯೂ ಆದ ಯೋನಪ್ಪ ಮಾಸ್ತರನು, ಅದೇ ಭಾರದ ಇನ್ನೊಂದು ತುದಿ ಹಿಡಿದಿದ್ದ ದಾನಿಯೇಲಪ್ಪ ಮಾಸ್ತರನೊಡನೆ, ಒಂದೇ ಒಂದು ಪದಕ್ಕಾಗಿ ಸಮರಸನ್ನದ್ಧನಾದನು.

ಅಡುಗೆಯ ರೂತವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ನೋಡದೆ ವಿಧಿಯಿರಲಿಲ್ಲ, ಸಾಕ್ಷಿಯೆಂದು ಮೇಜಿನ ಮೇಲೆ ಇಟ್ಟಿದ್ದದ್ದು ಅವಳದೇ ಹುಳಿಹಿಟ್ಟಿನ ಗಡಿಗೆ. ಅತ್ತೆಯ ಕೈಯಿಂದ ಬಂದದ್ದು, ಬೇರೊಂದಿಲ್ಲ.

"ಹಾಮೇಟ್ಸ್ ಅಂದ್ರ ಹುಳಿತದ್ದು, ತಕರಾರಿಲ್ಲ," ಎಂದನು ದಾನಿಯೇಲಪ್ಪ. "ಸೆಓರ್ ಅಂದ್ರ ಹುಳಿಹಿಟ್ಟು, ಅದರ ಮೂಲ ಖಾತ್ರಿ ಇಲ್ಲ. ಆದ್ರ ಶೆಮಾರಿಮ್? ಮೊದಲಿಗೆ ದ್ರಾಕ್ಷಾರಸದ ಗಸಿ, ಈಗ ಯೀಸ್ಟು. ಶಾಮರ್, ಅಂದ್ರ ಕಾಯು, ಕಾಪಾಡು ಅನ್ನೋ ಧಾತು. ಮನುಷ್ಯಾ ಅದನ್ನ ಕಾಯ್ತಾನ, ಅದಕ್ಕ ಆ ಹೆಸರು."

ಯೋನಪ್ಪನು ಪ್ರಳಯಕಾಲದ ಮೇಘದಂತೆ ಗುಡುಗಿದನು. "ಎಲವೋ ದಾನಿಯೇಲಪ್ಪಾ! ಮನುಷ್ಯಾ ಅಲ್ಲ, ಗಸಿನ ರಸಾನ ಕಾಯ್ತದ! ಈ ಗಡಿಗೀನ ಮೂರು ದಿನ ನನ್ನ ಕಪಾಟಿನ್ಯಾಗ ಕೀಲಿ ಹಾಕಿಡ್ತೀನಿ. ತನ್ನನ್ನ ತಾನ ಕಾಯ್ಕೊಂಡ್ರ ನಾ ಗೆದ್ದೆ. ಸತ್ತರ ನೀ ಹೇಳಿದಂಗ ಬರೀತೀನಿ!"

"ಮಾಸ್ತರ, ಐತವಾರ ಸುಗ್ಗಿಹಬ್ಬಕ್ಕ ಇನ್ನೂರು ಮಂದಿಗೆ ಬ್ರೆಡ್ಡು ಆಗಬೇಕ್ರಿ," ಎಂದಳು ರೂತವ್ವ.

"ಶಬ್ದಶಾಸ್ತ್ರದ ನಡುವ ಬ್ರೆಡ್ಡು ತರಬ್ಯಾಡವಾ," ಎಂದನು ಯೋನಪ್ಪ.

ಕೀಲಿ ಯೋನಪ್ಪನ ಕೋಟಿನ ಕಿಸೆ ಸೇರಿತು. ಸಂಜೆ ಕೈಕಾಲು ತೊಳೆಯಲು ಬಾವಿಗೆ ಹೋಗುವಾಗ ಆ ಮಹಾರಥಿಯು ಕೋಟನ್ನು ಊಟದ ಕೋಣೆಯ ಗೂಟಕ್ಕೆ ತಗುಲಿಸುವುದು ವಾಡಿಕೆ. ಗುರುವಾರ, ಶುಕ್ರವಾರ ಎರಡು ಸಂಜೆಯೂ ರೂತವ್ವ ಕಿಸೆಯ ಕೀಲಿ ತೆಗೆದುಕೊಂಡು ಕಪಾಟು ತೆರೆದಳು. ಹಳೆಯದನ್ನಿಷ್ಟು ಚೆಲ್ಲಿ, ಒಂದು ಹಿಡಿ ಹಿಟ್ಟು, ಅಷ್ಟೇ ನೀರು ಕಲಸಿ, ಕೀಲಿಯನ್ನು ಮತ್ತೆ ಕಿಸೆಗೆ ಹಾಕಿದಳು.

ಶನಿವಾರ ಬೆಳಿಗ್ಗೆ ಕಪಾಟಿನ ಕದ ತೆರೆಯಿತು. ಬುದ್ಬುದಮಾಲಾಲಂಕೃತವಾಗಿ, ಆಮ್ಲಗಂಧಬಂಧುರವಾಗಿ, ಹಿಟ್ಟು ಗಡಿಗೆಯ ಕಂಠದವರೆಗೆ ಉಬ್ಬಿ ನಿಂತಿತ್ತು.

"ಕಂಡಿರೇನು! ಆಳಿಲ್ಲ, ಅನ್ನವಿಲ್ಲ, ತನ್ನ ಕೋಟೆಯ ತಾನ ಕಾಯ್ದ ವೀರ!" ಎಂದು ಯೋನಪ್ಪನು ತೋಳೆತ್ತಿದನು. ದಾನಿಯೇಲಪ್ಪನು ತಲೆಬಾಗಿದನು, ಬಾಗಿದ್ದರಿಂದಲೇ ಗಡಿಗೆಯ ಅಂಚಿಗೆ ಅಂಟಿದ್ದ ಹೊಸ ಹಿಟ್ಟು ಅವನಿಗೆ ಕಂಡಿತು.

"ಇದನ್ಯಾರು ಹಾಕಿದ್ರು?"

"ನಾನ್ರೀ," ಎಂದಳು ರೂತವ್ವ. "ಮೂರು ದಿನ ಬರೇ ಹೊಟ್ಟೀಲೆ ಕಪಾಟಿನ್ಯಾಗ ನಿಮ್ಮನ್ನ ಕೂಡಿ ಹಾಕಿದ್ರ, ನೀವು ಏನ ಕಾಯ್ತಿದ್ರಿ, ಹೇಳ್ರಿ?"

ಅವಳು ಗಡಿಗೆಯನ್ನು ಸೊಂಟಕ್ಕೇರಿಸಿ ನಡೆದಳು. "ಇಷ್ಟ ಪುರುಸೊತ್ತಿದ್ರ ಬರ್ರಿ ಇಬ್ರೂ. ಮೂಟಿ ಹಿಟ್ಟು ಸಾಣಸೋದೈತಿ."

ನಿಘಂಟಿನಲ್ಲಿ ಶೆಮಾರಿಮ್ ಪದದ ಮುಂದೆ 'ಯೀಸ್ಟು' ಎಂದಷ್ಟೇ ಬರೆದು, ಮಧ್ಯಾಹ್ನದ ಹೊತ್ತಿಗೆ ವೀರರಿಬ್ಬರೂ ಅಡುಗೆಮನೆಯ ಕಟ್ಟೆಯ ಮೇಲೆ ಕುಳಿತು ಹಿಟ್ಟಿನೊಳಗಿನ ಹುಳ ಆರಿಸುತ್ತಿದ್ದರು.