ಅತ್ತೆಯ ತಪಾಸಣೆ ಮತ್ತು ನನ್ನ ನೀರುದೋಸೆ

ಕುಚ್ಚಲಕ್ಕಿ ತಿಂದು ಬೆಳೆದವನು ರಾಗಿ ಮುದ್ದೆಯ ಊರಿನಲ್ಲಿ ಒಲೆ ಹಚ್ಚಿದರೆ ಏನಾದರೊಂದು ಆಗುತ್ತಲೇ ಇರುತ್ತದೆ. ನಾನು, ನನ್ನ ಹೆಂಡತಿ ಇಬ್ಬರೂ ಕುಂದಾಪುರದ ಕಡೆಯವರು. ಮದುವೆಯಾದ ತಿಂಗಳಲ್ಲೇ ಕಾಡುಗೋಡಿಯಲ್ಲಿ ಮಹಡಿಯ ಮೇಲೊಂದು ಬಾಡಿಗೆ ಮನೆ ಹಿಡಿದೆವು. ನಾನು ಹತ್ತಿರದ ಪ್ರೌಢಶಾಲೆಯಲ್ಲಿ ಗಣಿತದ ಮೇಷ್ಟ್ರು. ಅವಳಿದ್ದಾಗ ಇಂಥ ಸಂಗತಿಗಳೆಲ್ಲ ಅಡುಗೆಮನೆಯಲ್ಲೇ ಮುಗಿದುಹೋಗುತ್ತಿದ್ದವೋ ಏನೋ, ನನ್ನ ತನಕ ಬರುತ್ತಿರಲಿಲ್ಲ. ಅವಳು ತೀರಿಕೊಂಡ ಮೇಲೆ ಒಂದೊಂದಾಗಿ ಬಂದವು.

ಉತ್ತರಕ್ರಿಯೆ ಮುಗಿದ ದಿನ ಅತ್ತೆ, ಅಂದರೆ ಅವಳ ತಾಯಿ, ನನ್ನನ್ನು ಜಗಲಿಗೆ ಕರೆದರು.

"ನಿಮ್ಗೆ ಒಂದ್ ಚಾ ಮಾಡುಕೂ ಬತ್ತಿಲ್ಲ. ಅಲ್ಲ್ ಒಬ್ರೇ ಎಂತ ತಿಂತ್ರಿ? ವರ್ಗ ಮಾಡ್ಸ್ಕಂಡ್ ಊರಿಗೆ ಬನ್ನಿ."

ಅಡುಗೆ ಕಲಿಯುತ್ತೇನೆ ಎಂದೆ. ಅವರು ನಂಬಲಿಲ್ಲ. ವರ್ಷದ ಕಾರ್ಯಕ್ಕೆ ತಾವೇ ಕಾಡುಗೋಡಿಗೆ ಬಂದು ನನ್ನ ಅಡುಗೆ ತಿಂದು ನೋಡುವುದು, ಅದು ಬಾಯಿಗಿಡುವ ಹಾಗಿಲ್ಲದಿದ್ದರೆ ನಾನು ವರ್ಗಾವಣೆಗೆ ಅರ್ಜಿ ಬರೆಯುವುದು ಎಂದು ತೀರ್ಮಾನವಾಯಿತು. ಆ ಎರಡು ಕೋಣೆಗಳಲ್ಲಿ ಅವಳು ಹನ್ನೊಂದು ವರ್ಷ ಓಡಾಡಿದ್ದಳು. ಅದನ್ನು ಬಿಟ್ಟು ಹೋಗುವ ಮನಸ್ಸು ನನಗಿರಲಿಲ್ಲ. ಹಾಗಾಗಿ ಒಪ್ಪಿಕೊಂಡೆ.

ಗಂಜಿ

ಗಂಜಿಯಿಂದ ಶುರು ಮಾಡಿದೆ. ಅದರಲ್ಲಿ ತಪ್ಪು ಮಾಡಲು ಜಾಗ ಕಡಿಮೆ. ಕುಚ್ಚಲಕ್ಕಿ, ನೀರು, ಉಪ್ಪು. ಪಕ್ಕಕ್ಕೊಂದು ಮಿಡಿ ಉಪ್ಪಿನಕಾಯಿ. ನಮ್ಮೂರಲ್ಲಿ ಒಬ್ಬ ಬೆಳಗ್ಗೆ ಗಂಜಿ ಉಣ್ಣುತ್ತಿದ್ದಾನೆ ಎಂದರೆ ಕೆಲಸಕ್ಕೆ ಹೊರಟಿದ್ದಾನೆ ಎಂದು ಅರ್ಥ. ಕಾಡುಗೋಡಿಯಲ್ಲಿ ಹಾಸಿಗೆ ಹಿಡಿದಿದ್ದಾನೆ ಎಂದು ಅರ್ಥ. ಇದು ನನಗೆ ಗೊತ್ತಿರಲಿಲ್ಲ.

ಕೆಳಗಿನ ಮನೆಯಲ್ಲಿ ಮನೆಯೊಡೆಯರ ತಾಯಿ ಇದ್ದರು. ಬೀದಿಗೆಲ್ಲ ಅವರು ಓನರಜ್ಜಿ. ಮೂರನೆಯ ದಿನ ಮೇಲೆ ಬಂದು ನನ್ನ ಬಟ್ಟಲು ನೋಡಿದರು.

"ಇವತ್ತೂ ಗಂಜೀನಾ ಮೇಷ್ಟ್ರೇ?"

"ಹೌದಜ್ಜಿ. ದಿನಾ ಅದೇ."

"ಜರ ಇನ್ನೂ ಬಿಟ್ಟಿಲ್ವಾ?"

"ಜ್ವರ ಇಲ್ಲಜ್ಜಿ. ಚೆನ್ನಾಗಿದ್ದೀನಿ."

"ಚೆನ್ನಾಗಿರೋರು ಯಾಕಪ್ಪ ಗಂಜಿ ಕುಡೀತಾರೆ" ಎಂದು ನಿಟ್ಟುಸಿರು ಬಿಟ್ಟು ಮೆಟ್ಟಿಲಿಳಿದರು.

ಸಂಜೆಯೊಳಗೆ ಒಂಬತ್ತು ಮನೆಯವರು ಬ್ರೆಡ್ಡು ಹಿಡಿದುಕೊಂಡು ನೋಡಲು ಬಂದರು. ಸುದ್ದಿ ಶಾಲೆಗೂ ಮುಟ್ಟಿತು. ಮರುದಿನ ಮುಖ್ಯೋಪಾಧ್ಯಾಯರು ಕರೆದು, "ಸ್ವಲ್ಪ ರೆಸ್ಟ್ ತಗೊಳ್ಳಿ ಮೇಷ್ಟ್ರೇ" ಅಂದರು. ನನಗೇನೂ ಆಗಿಲ್ಲ ಎಂದೆ. "ಎಲ್ಲರೂ ಮೊದಲು ಹಾಗೇ ಹೇಳೋದು" ಅಂದರು.

ಕೊನೆಗೆ ಎರಡು ದಿನ ರಜೆ ಹಾಕಿದೆ. ಬ್ರೆಡ್ಡು ಮುಗಿಸಲು ಅಷ್ಟು ದಿನ ಬೇಕಿತ್ತು.

ದಿನಕ್ಕೊಂದು ಕಾಯಿ

ಆಮೇಲೆ ಸಾರು, ಪಲ್ಯ ಕಲಿತೆ. ನಮ್ಮ ಕಡೆ ತೆಂಗಿನಕಾಯಿ ಒಡೆಯದೆ ಅಡುಗೆ ಶುರುವಾಗುವುದಿಲ್ಲ. ಸಾರಿಗೆ ಒಂದು ಹೋಳು, ಪಲ್ಯಕ್ಕೂ ಚಟ್ನಿಗೂ ಸೇರಿ ಇನ್ನೊಂದು. ಬೆಳಗ್ಗೆ ಆರೂವರೆಗೆ ಸ್ನಾನ ಮುಗಿಸಿ ಮೆಟ್ಟಿಲ ಅಂಚಿಗೆ ಕಾಯಿ ಕುಟ್ಟಿ ಒಡೆಯುತ್ತಿದ್ದೆ. ಕೆಳಗಿನ ಮನೆಯಲ್ಲಿ ಕಾಯಿ ಒಡೆಯುತ್ತಿದ್ದದ್ದು ದೇವರ ಮುಂದೆ ಮಾತ್ರ. ಓನರಜ್ಜಿ ಎರಡು ತಿಂಗಳು ಆ ಶಬ್ದ ಕೇಳಿದರು. ಮೊದಲು ನನ್ನನ್ನು ಕಂಡರೆ ಕುಳಿತೇ ಮಾತಾಡಿಸುತ್ತಿದ್ದವರು ಎದ್ದು ನಿಲ್ಲತೊಡಗಿದರು. ಕಾರಣ ಹೊಳೆಯಲಿಲ್ಲ.

ಗಣೇಶನ ಹಬ್ಬದ ಮುಂಚಿನ ಭಾನುವಾರ ಅವರು ಬೀದಿಯ ನಾಲ್ವರು ಹಿರಿಯರನ್ನು ಕರೆದುಕೊಂಡು ಬಂದರು.

"ಇವ್ರೇ ಕಣ್ರಪ್ಪಾ. ದಿನಾ ಬೆಳಗ್ಗೆ ಮಡಿಯಾಗಿ ಒಂದು ಕಾಯಿ. ಒಂದಿನಾನೂ ತಪ್ಪಿಲ್ಲ. ಈ ಸಲ ಪೂಜೆಗೆ ಇವ್ರೇ ಕೂರ್ಲಿ."

"ಅಜ್ಜಿ, ಅದು ಸಾರಿಗೆ."

"ನೋಡಿದ್ರಾ? ದೊಡ್ಡ ಭಕ್ತರು ಇಂಗೇನೇ. ಯೋಳ್ಕಳಾಕಿಲ್ಲ."

ಮನೆಯಲ್ಲಿ ವರ್ಷ ತುಂಬಿಲ್ಲ, ಪೂಜೆಗೆ ಕೂರುವಂತಿಲ್ಲ ಎಂದು ತಪ್ಪಿಸಿಕೊಂಡೆ. "ನೇಮಾನೂ ಐತೆ!" ಎಂದು ಅವರು ಆ ನಾಲ್ವರ ಮುಖ ನೋಡಿದರು. ಹಬ್ಬದ ಸಂಜೆ ಪ್ರಸಾದವೆಂದು ಹತ್ತು ಹೋಳು ಕಾಯಿ ಮನೆಗೇ ಬಂತು.

ಐದು ದಿನದ ಅಡುಗೆಗಾಯಿತು.

ಯಾದಗಿರಿಯವರು ತಂದ ರೊಟ್ಟಿ

ಪಕ್ಕದ ಕೋಣೆಯಲ್ಲಿ ಯಾದಗಿರಿ ಕಡೆಯ ಗಾರೆ ಕೆಲಸದವರೊಬ್ಬರಿದ್ದರು. ವರ್ತೂರಿನ ಅಪಾರ್ಟ್‌ಮೆಂಟುಗಳಿಗೆ ಗೋಡೆ ಕಟ್ಟುತ್ತಿದ್ದರು. ಒಮ್ಮೆ ಅತ್ತೆ ಊರಿಂದ ಬಸ್ಸಿನಲ್ಲಿ ಕೋರಿ ರೊಟ್ಟಿಯ ಕಟ್ಟು ಕಳಿಸಿದರು. ನನಗೆ ಪರೀಕ್ಷೆ ಕೆಲಸ. ಆ ದಿನ ಮೆಜೆಸ್ಟಿಕ್ ಬಸ್ ನಿಲ್ದಾಣದ ಕಡೆ ಹೋಗಿದ್ದ ಇವರಿಗೆ ಫೋನ್ ಮಾಡಿ ತರಲು ಹೇಳಿದೆ.

ಎರಡು ಗಂಟೆಯ ನಂತರ ಬಂದರು. ಕಟ್ಟನ್ನು ಎರಡೂ ಅಂಗೈ ಮೇಲೆ ಹೊತ್ತಿದ್ದರು. ಅಂಗಿ ಬೆವರಿಗೆ ಒದ್ದೆ.

"ತಗೋರಿ ಸರ. ಒಂದೂ ಮುರದಿಲ್ಲ. ಬಸ್ಸಿನ್ಯಾಗ ಹಂಗ ಗದ್ಲ, ಸೀಟ್ ಸಿಕ್ಕರೂ ಕುಂದ್ರಲಿಲ್ಲ. ಕೈ ಮ್ಯಾಲೆತ್ತಿ ನಿಂತ ಬಂದೀನಿ. ನಮ್ಮ ಕಡೆ ರೊಟ್ಟಿ ಮುರದ್ರ ಮನಿ ಹೆಣ್ಮಕ್ಕಳು ಬೈತಾರ್ರೀ."

ಊಟಕ್ಕೆ ಕೂರಿಸಿದೆ. ಕೋರಿ ರೊಟ್ಟಿ ಎಂದರೆ ಕಾಗದದಂಥ ಅಕ್ಕಿಯ ಒಣ ಹಾಳೆ. ಅದನ್ನು ಪುಡಿ ಮಾಡಿ, ಮೇಲೆ ಕೋಳಿ ಸಾರು ಸುರಿದು, ನೆನೆದ ಮೇಲೆ ತಿನ್ನುವುದು. ನಾನು ಆರು ಹಾಳೆ ತೆಗೆದು ಎರಡು ತಟ್ಟೆಯಲ್ಲಿಟ್ಟು ಅಂಗೈಯಿಂದ ಒತ್ತಿ ಚೂರು ಚೂರು ಮಾಡಿದೆ. ಅವರು ಆ ಚೂರುಗಳನ್ನು ನೋಡಿದರು. ತಮ್ಮ ತೋಳು ನೀವಿಕೊಂಡರು.

"ಇದನ್ನ ಮೊದಲ ಹೇಳಬಾರದೇನ್ರೀ ಸರ? ಅದರ ಮ್ಯಾಲೇ ಕುಂತು ಬರ್ತಿದ್ನಲ್ರೀ."

ತಪಾಸಣೆ

ವರ್ಷದ ಕಾರ್ಯ ಮುಗಿದ ಮರುದಿನ ಬೆಳಗ್ಗೆ ಅತ್ತೆ ಅಡುಗೆಮನೆಯ ಬಾಗಿಲಿಗೆ ಮಣೆ ಹಾಕಿಕೊಂಡು ಕೂತರು. "ಹೂಂ, ಮಾಡಿ. ಕಾಂಬ" ಅಂದರು. ವರ್ಗಾವಣೆ ಅರ್ಜಿಯ ಖಾಲಿ ನಮೂನೆಯನ್ನು ನಾನೇ ತಂದಿಟ್ಟಿದ್ದೆ. ಮಾತು ಮಾತೇ.

ನೀರುದೋಸೆ ಮಾಡಿದೆ. ಯಾರನ್ನೂ ಕೇಳಿರಲಿಲ್ಲ. ಅವಳು ಮಾಡುವುದನ್ನು ಬಾಗಿಲಲ್ಲಿ ನಿಂತು ನೋಡಿದ್ದಷ್ಟೇ. ಎಷ್ಟು ಹಿಟ್ಟಿಗೆ ಎಷ್ಟು ಲೋಟ ನೀರು, ಎಷ್ಟು ಹೊತ್ತು ಮುಚ್ಚಳ, ಎಲ್ಲ ಅವಳು ಮಾಡಿದಂತೆಯೇ ಮಾಡಿದೆ.

ಅತ್ತೆ ಮೊದಲ ದೋಸೆಯನ್ನು ಎರಡು ಬೆರಳಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಎತ್ತಿದರು. ಒಳ್ಳೆಯ ನೀರುದೋಸೆಯ ಆಚೆಗಿನ ಬೆಳಕು ಈಚೆಗೆ ಕಾಣಬೇಕು. ಏನೂ ಕಾಣಲಿಲ್ಲ.

"ದಪ್ಪ" ಅಂದರು. ತಿಂದರು. "ಉಪ್ಪ್ ಕಮ್ಮಿ." ತಿರುಗಿಸಿದರು. "ಒಂದ್ ಬದಿ ಕರಟಿತ್ತ್."

ನಾನು ನಮೂನೆ ತರಲು ಎದ್ದೆ.

"ಕೂಕಣಿ" ಅಂದರು. ಇನ್ನೊಂದು ತುಂಡು ಬಾಯಿಗಿಟ್ಟುಕೊಂಡು ಬಹಳ ಹೊತ್ತು ಅಗಿದರು. "ಇದ್ ನನ್ ಮಗ್ಳ್ ಮಾಡ್ತಿದ್ ದೋಸಿ. ಎಷ್ಟ್ ಹೇಳ್ಕೊಟ್ರೂ ಅವ್ಳಿಗ್ ಇದೊಂದ್ ಬತ್ತಿರ್ಲಿಲ್ಲ. ನೀವ್ ಹನ್ನೊಂದ್ ವರ್ಷ ಇದನ್ನೇ ತಿಂದ್ರ್ಯಾ?"

"ಹೌದು."

"ನಿಮ್ಮಮ್ಮ ತೆಳು ಮಾಡ್ತಿರ್ಲಿಲ್ಲ್ಯಾ?"

"ಮಾಡ್ತಿದ್ದರು."

"ಮತ್ತೆ? ಒಂದ್ ಮಾತ್ ಹೇಳುಕಾಗ?"

"ಇದು ನಿಮ್ಮ ಮನೆಯ ಪದ್ಧತಿ ಅಂದುಕೊಂಡೆ. ಕೇಳಿದರೆ ನಿಮಗೆ ಬೇಸರವಾದೀತು ಅಂತ ಸುಮ್ಮನಿದ್ದೆ."

"ನಮ್ಮನಿ ಪದ್ಧತಿಯಾ!" ಅತ್ತೆಯ ಕೈಯಲ್ಲಿದ್ದ ತುಂಡು ತಟ್ಟೆಗೆ ಬಿತ್ತು. "ಊರಲ್ಲ್ ನನ್ ದೋಸಿ ತಿಂಬುಕೆ ಜನ ಕಾದ್ ಕೂಕಂತ್ರ್! ಇದ್ ನಮ್ಮನಿ ಪದ್ಧತಿ ಅಂದ್ಕಂಡ್ ಹನ್ನೊಂದ್ ವರ್ಷ..." ಸೆರಗಿನಿಂದ ಕಣ್ಣೊರೆಸಿಕೊಂಡರು. ನಗುತ್ತಿದ್ದಾರೋ ಅಳುತ್ತಿದ್ದಾರೋ ಗೊತ್ತಾಗಲಿಲ್ಲ. ಚಟ್ನಿ ಖಾರ ಅಂದರು. ಚಟ್ನಿಗೆ ನಾನು ಮೆಣಸು ಹಾಕುವುದನ್ನೇ ಮರೆತಿದ್ದೆ.

"ಅರ್ಜಿ ಬರೆಯಬೇಕೋ?" ಎಂದು ಕೇಳಿದೆ.

"ಎಂತ ಬ್ಯಾಡ. ನೀವ್ ಊರಿಗ್ ಬಂದ್, ನಾಕ್ ಜನರ ಎದ್ರ್ ಈ ದೋಸಿ ಹೊಯ್ದ್, ಇದ್ ಅತ್ತಿ ಮನಿ ಪದ್ಧತಿ ಅಂದ್ರೆ ನಾ ತಲಿ ಎತ್ಕಂಡ್ ತಿರ್ಗುದ್ ಹ್ಯಾಂಗೆ? ಇಲ್ಲೇ ಇರಿ."

ಹೇಳಿ ತಟ್ಟೆ ಮುಂದೆ ಚಾಚಿದರು.

"ಇನ್ನೆರಡ್ ಹೊಯ್ಯಿನಿ. ದಪ್ಪವೇ ಇರ್ಲಿ."